ವಿರಾಟನಗರದಲ್ಲಿ ಒಂದು ಅಜ್ಞಾತವಾಸ

ಹಿರೇಕೆರೂರಣ್ಣನ ಬಲಗೈ ಮುರಿದದ್ದು 2004ರ ಬಲಿಪಾಡ್ಯದ ದಿನ. ಹೋರಿ ಹಾಯ್ದು ಮುರಿದದ್ದಲ್ಲ. ಓಡುವ ಹೋರಿಯ ಕೊರಳಿಗೆ ಕೈ ಹಾಕಿ, ಕೊಬ್ಬರಿ ಸರ ಹಿಡಿದು, ಹಿಡಿದದ್ದನ್ನು ಬಿಡದೆ ಅದರ ಜೊತೆ ನಾಲ್ಕು ಮಾರು ಓಡಿ, ಕಾಲು ತೊಡರಿ ಬಿದ್ದು ಮುರಿದದ್ದು. ಎದ್ದು ಕೂತಾಗ ಎಡಗೈಯಲ್ಲಿ ಒಂದು ಕೊಬ್ಬರಿ ಬಟ್ಟಲು ಇತ್ತು ಎಂಬುದನ್ನು ಅವನು ಇವತ್ತಿಗೂ ಮೊದಲು ಹೇಳುತ್ತಾನೆ. ಕೈ ಮುರಿದ ಸಂಗತಿ ಆಮೇಲೆ.

ನಮ್ಮ ಕಡೆ ದೀಪಾವಳಿ ಅಂದರೆ ಪಟಾಕಿಗಿಂತ ಮೊದಲು ಹೋರಿ. ಹಾವೇರಿ ಜಿಲ್ಲೆ ತುಂಬ, ಆಚೆ ಶಿಕಾರಿಪುರ, ಸೊರಬದ ತನಕ, ವರ್ಷವಿಡೀ ಹುರುಳಿ, ಹತ್ತಿಕಾಳು ತಿನ್ನಿಸಿ ಬೆಳೆಸಿದ ಹೋರಿಗೆ ಜೂಲ ಹೊದಿಸಿ, ಬಲೂನು ಕಟ್ಟಿ, ಕೊರಳಿಗೆ ಕೊಬ್ಬರಿ ಸರ ಹಾಕಿ ಬಿಡುತ್ತಾರೆ. ಎರಡೂ ಬದಿಗೆ ಹುಡುಗರು. ಕೊಬ್ಬರಿ ಹರಿದವನಿಗೆ ಒಂದು ಹೆಸರು, ಹರಿಯಗೊಡದ ಹೋರಿಗೆ ಅದಕ್ಕಿಂತ ದೊಡ್ಡ ಹೆಸರು. ಹಬ್ಬ ಮುಗಿದ ಮೇಲೂ ಒಂದೊಂದು ಊರಲ್ಲಿ ಒಂದೊಂದು ದಿನ ಸ್ಪರ್ಧೆ ನಡೆಯುತ್ತಲೇ ಇರುತ್ತದೆ. ಅಣ್ಣನ ಅವ್ವ, ನಮ್ಮ ದೊಡ್ಡವ್ವನ ಚಿಂತೆ ಅದೇ ಆಗಿತ್ತು. ಪ್ಲಾಸ್ಟರ್ ಹಾಕಿಸಿಕೊಂಡ ಮಗ ಹಿರೇಕೆರೂರಲ್ಲೇ ಇದ್ದರೆ ಮರುವಾರ ಮತ್ತೆ ಅಖಾಡದಲ್ಲಿ ನಿಲ್ಲುವುದು ಖಂಡಿತ. ಹಾಗಾಗಿ ಅವನನ್ನು ಬಸ್ಸು ಹತ್ತಿಸಿ ಹಾನಗಲ್ಲಿನ ಅಜ್ಜಿ ಮನೆಗೆ ಕಳಿಸಿಬಿಟ್ಟಳು.

ಹಾನಗಲ್ಲಿಗೆ ಶಾಸನಗಳಲ್ಲಿ ಪಾನುಂಗಲ್ಲು ಎನ್ನುವ ಹೆಸರಿನ ಜೊತೆ ವಿರಾಟನಕೋಟೆ, ವಿರಾಟನಗರಿ ಎಂಬ ಹೆಸರುಗಳೂ ಇವೆ. ಪಾಂಡವರು ಅಜ್ಞಾತವಾಸದ ಒಂದು ವರ್ಷ ಕಳೆದದ್ದು ಇಲ್ಲೇ ಎಂದು ಊರ ಮಂದಿ ಹೇಳುತ್ತಾರೆ. ಅಜ್ಜಿಯ ಬಾಯಲ್ಲಿ ಅದು ನಿನ್ನೆ ಮೊನ್ನೆ ನಡೆದ ಸಂಗತಿ. ಪಾಡ್ಯಕ್ಕೆ ಅವಳು ಸಗಣಿಯಲ್ಲಿ ಪಾಂಡವರನ್ನು ಮಾಡಿ, ಚೆಂಡುಹೂವು ಸಿಕ್ಕಿಸಿ, ಹೊಸ್ತಿಲ ಬದಿಗೆ ಇಟ್ಟಿದ್ದಳು. ಅವು ಪೂರ್ತಿ ಒಣಗುವ ಮೊದಲೇ ಪ್ಲಾಸ್ಟರಿನ ಮೊಮ್ಮಗ ಒಳಗೆ ಬಂದ.

"ಬಾ ಯಪ್ಪಾ, ಅಜ್ಞಾತವಾಸಕ್ಕ ಬಂದಿ. ಕೈ ಕೂಡೂತನಾ ಹೊಸ್ತಲಾ ದಾಟಬ್ಯಾಡ" ಅಂದಳು ಅಜ್ಜಿ.

ಈ ಕಥೆಯನ್ನು ಮೊನ್ನೆ ಸವಣೂರಿನ ನಮ್ಮ ಹೊಲದಲ್ಲಿ ಸೀತನಿ ಸುಡುವಾಗ ಹೇಳಬೇಕಾಗಿ ಬಂತು. ಕುಳ್ಳಿನ ಕೆಂಡದ ಸುತ್ತ ಮಕ್ಕಳೆಲ್ಲ ಕೂತಿದ್ದವು. ಶಿಗ್ಗಾವಿ ಅಣ್ಣನ ಮಗ, ಕಂಪ್ಯೂಟರ್ ಆಟದಲ್ಲಿ ಮುಳುಗಿದವ, ಗೆಳೆಯನೊಬ್ಬನ ಬಗ್ಗೆ ಮೂಗು ಮುರಿದ: "ಅಂವಾ ಈಜಿ ಬಿಲ್ಡ್ ತಗೊಂಡು ಆಡತಾನ ಅತ್ತಿ. ಅದು ಆಟ ಆಡಿಧಂಗ ಅಲ್ಲ." ಇದೇ ಮಾತನ್ನು ಇಪ್ಪತ್ತು ವರ್ಷದ ಹಿಂದೆ ಅವನ ಅಪ್ಪನ ಬಾಯಲ್ಲಿ ಕೇಳಿದ್ದೆ. ಅದಕ್ಕೇ ಹೇಳಿದೆ: ಲೇ, ಕುಂಡ್ರು. ಬಿಸಿ ಕಾಳು ತಿನ್ನುತ್ತಾ ಕೇಳು.

ಆಗ ನಾನು ಅಜ್ಜಿ ಮನೆಯಲ್ಲಿದ್ದು ಪಿಯುಸಿ ಓದುತ್ತಿದ್ದೆ. ನಮ್ಮವ್ವನ ಕೊನೆಯ ತಮ್ಮ, ಸಣ್ಣ ಮಾವ, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್. ಅವನು ಬಿಡಿ ಸಾಮಾನು ಜೋಡಿಸಿ ತಂದಿದ್ದ ಕಂಪ್ಯೂಟರೊಂದು ಭತ್ತದ ಚೀಲಗಳಿದ್ದ ಕೋಣೆಯಲ್ಲಿ, ಅಜ್ಜಿಯ ಹಳೆಯ ಇಳಕಲ್ ಸೀರೆಯ ತುಂಡನ್ನು ಹೊದ್ದುಕೊಂಡು ಕೂತಿತ್ತು. ಅದರಲ್ಲಿ ಡಯಾಬ್ಲೊ 2 ಇತ್ತು. ಬ್ಲಿಝಾರ್ಡ್ ನಾರ್ತ್‌ನವರು 2000ದ ಜೂನಿನಲ್ಲಿ ಹೊರತಂದ ಆಟ. ಮರುವರ್ಷ ಅದಕ್ಕೆ ಲಾರ್ಡ್ ಆಫ್ ಡಿಸ್ಟ್ರಕ್ಷನ್ ಎಂಬ ಮುಂದುವರಿಕೆಯೂ ಬಂತು. 233 ಮೆಗಾಹರ್ಟ್ಸ್ ಪೆಂಟಿಯಂ, 32 ಎಂಬಿ ರ್‍ಯಾಮ್ ಇದ್ದರೆ ಮೂಲ ಆಟ ಓಡುತ್ತಿತ್ತು. ಆ ಕಾರಣಕ್ಕೇ ನಮ್ಮಂಥ ಊರುಗಳ ಹಳೆಯ ಯಂತ್ರಗಳಲ್ಲೂ ಅದು ಬಾಳಿತು.

ಆಟದ ಕಥೆ ಬಹಳ ಸರಳ. ಮೇಲಿಂದ ನೋಡಿದಂತೆ ಕಾಣುವ ಒಂದು ಲೋಕ. ಅಲ್ಲಿ ನೀನೊಬ್ಬ ವೀರ. ಬಯಲು, ಮರಳುಗಾಡು, ಕಾಡು, ನರಕ, ಹಿಮದ ಬೆಟ್ಟ ದಾಟುತ್ತಾ ರಾಕ್ಷಸರನ್ನು ಹೊಡೆಯುತ್ತಾ ಹೋಗಬೇಕು. ಏಳು ಬಗೆಯ ವೀರರಲ್ಲಿ ಒಬ್ಬನನ್ನೋ ಒಬ್ಬಳನ್ನೋ ಆರಿಸಿಕೊಳ್ಳಬಹುದು. ಒಬ್ಬೊಬ್ಬರಿಗೂ 30 ವಿದ್ಯೆ, ಒಂದೊಂದು ವಿದ್ಯೆಗೆ ಹೆಚ್ಚೆಂದರೆ 20 ಪಾಯಿಂಟ್. ಲೆಕ್ಕ ಹಾಕಿದರೆ 600. ಆದರೆ ಮಟ್ಟವೊಂದು ಏರಿದಾಗ ಸಿಗುವುದು ಒಂದೇ ಪಾಯಿಂಟ್. 99ನೇ ಮಟ್ಟ ಮುಟ್ಟಿ, ದಾರಿಯಲ್ಲಿ ಬಹುಮಾನವಾಗಿ ಬರುವುದನ್ನೆಲ್ಲ ಕೂಡಿಸಿದರೂ ಒಟ್ಟು 110. ಈ ಕೈಗಂಟನ್ನು ಎಲ್ಲಿ ಹಾಕುತ್ತೀ, ಎಲ್ಲಿ ಹಾಕುವುದಿಲ್ಲ ಎನ್ನುವುದೇ ಬಿಲ್ಡ್. ಆ ಕಾಲಕ್ಕೆ ಒಮ್ಮೆ ಹಾಕಿದ ಪಾಯಿಂಟ್ ವಾಪಸು ಬರುತ್ತಿರಲಿಲ್ಲ. ಕೆಟ್ಟರೆ ಹೊಸ ವೀರನನ್ನು ಹುಟ್ಟಿಸಿ ಮೊದಲಿಂದ ಶುರು.

ಹಿರೇಕೆರೂರಣ್ಣ ಬಂದ ದಿನವೇ ಬಾರ್ಬೇರಿಯನ್ನನ್ನು ಆರಿಸಿಕೊಂಡ. ಮೈತುಂಬ ಮಾಂಸ, ಕೈಯಲ್ಲಿ ಕೊಡಲಿ, ಮುಂದೆ ನುಗ್ಗಿ ಕಡಿಯುವ ಜಾತಿ. ಬೇರೆ ಯಾರನ್ನು ಆರಿಸಿಯಾನು? ಆದರೆ ಮೌಸ್ ಹಿಡಿಯುವುದು ಎಡಗೈಯಲ್ಲಿ. ಬಾರ್ಬೇರಿಯನ್ ಹೊಡೆಯಬೇಕಾದರೆ ಓಡಾಡುವ ರಾಕ್ಷಸನ ಮೇಲೆಯೇ ಮೌಸಿನ ಗುರುತು ಇಟ್ಟು ಒತ್ತಬೇಕು. ಒಂದು ಗೆರೆ ಆಚೀಚೆಯಾದರೆ ಅವನು ಹೊಡೆಯುವ ಬದಲು ರಾಕ್ಷಸರ ನಡುವೆ ನಡೆದು ಹೋಗಿ ನಿಲ್ಲುತ್ತಾನೆ. ಅಣ್ಣನ ವೀರ ಹಾಗೆ ನಡೆದು ನಡೆದೇ ಸತ್ತ. ಸತ್ತಾಗಲೆಲ್ಲ ಅಣ್ಣ ಪ್ಲಾಸ್ಟರಿನಿಂದ ಮೇಜು ಗುದ್ದುತ್ತಿದ್ದ. ಆ ಸದ್ದಿಗೆ ಅಜ್ಜಿ ಅಡುಗೆಮನೆಯಿಂದ ಓಡಿಬರುತ್ತಿದ್ದಳು.

ಶನಿವಾರ ಹುಬ್ಬಳ್ಳಿಯಿಂದ ಬಂದ ಸಣ್ಣ ಮಾವ ಇದನ್ನು ನೋಡಿದ. ನಗಲಿಲ್ಲ. ಗೊಬ್ಬರದಂಗಡಿಯ ಒಂದು ಹಳೆ ಬಿಲ್ಲು ತಿರುಗಿಸಿ, ಅದರ ಹಿಂದೆ ಬರೆಯತೊಡಗಿದ. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಮೇಲೆ "ನೆಕ್ರೋಮ್ಯಾನ್ಸರ್" ಎಂದು ಬರೆದು ಎರಡು ಗೆರೆ ಎಳೆದಿದ್ದಾನೆ. ಕೆಳಗೆ ಹೀಗಿದೆ: ಶಕ್ತಿ, ಉಡುಪು ತೊಡಲು ಬೇಕಾದಷ್ಟೇ. ಮಿಕ್ಕಿದ್ದೆಲ್ಲ ಜೀವಕ್ಕೆ. ಮಂತ್ರಬಲಕ್ಕೆ ಸೊನ್ನೆ. ಅಸ್ಥಿಪಂಜರ ಎಬ್ಬಿಸುವುದು, 20. ಎಬ್ಬಿಸಿದವರಿಗೆ ಬಲ ಕೊಡುವುದು, 20. ಶಾಪ, 1. ಹೆಣ ಸಿಡಿಸುವುದು, 1. ಅದಕ್ಕೆ ಮೊದಲು ಹಲ್ಲಿನ ಮಂತ್ರಕ್ಕೆ 1 ಕಟ್ಟಲೇಬೇಕು, ಬಾಗಿಲ ಸುಂಕ. ಮಣ್ಣಿನ ಗೊಂಬೆ, 1. ಕೊನೆಯಲ್ಲಿ ದಪ್ಪಕ್ಷರದಲ್ಲಿ: ಬೇರೆಲ್ಲೂ ಕೈ ಹಾಕಬೇಡ.

"ಇಂವಾ ಯಾರು?" ಅಣ್ಣ ಕೇಳಿದ.

"ಹೆಣಾ ಎಬ್ಬಸಾಂವ. ಅವು ಬಡದಾಡತಾವು, ನೀ ಹಿಂದ ನಿಂತು ನೋಡಬೇಕು."

"ಹಿಂದ ನಿಂದರಾಂವೇನೋ ಮಾವ ನಾನು?"

"ಎಡಗೈಲೆ ಮುಂದ ನಿಂದ್ರತೀ ಅಂದ್ರ ನಿಂದ್ರು. ಈಗ ನೋಡಿದ್ನೆಲ್ಲ."

ಮಾವ ಆ ವಿದ್ಯೆಗಳನ್ನೇ ಯಾಕೆ ಆರಿಸಿದ ಎಂಬುದು ಆಡುತ್ತಾ ಹೋದಂತೆ ತಿಳಿಯಿತು. 2003ರ ಅಕ್ಟೋಬರಿನಲ್ಲಿ ಬಂದ 1.10 ಪ್ಯಾಚ್ ಎಂಬ ತಿದ್ದುಪಡಿ ಈ ಅಸ್ಥಿಪಂಜರಗಳ ಹಣೆಬರಹ ಬದಲಿಸಿತ್ತು. ಅದಕ್ಕೆ ಮೊದಲು ಪಾಯಿಂಟಿಗೊಂದರಂತೆ ಎಷ್ಟು ಬೇಕಾದರೂ ಏಳುತ್ತಿದ್ದವು, ಗಾಳಿ ಬೀಸಿದರೆ ಬೀಳುತ್ತಿದ್ದವು. ಪ್ಯಾಚಿನ ನಂತರ ಮೊದಲ ಮೂರು ಪಾಯಿಂಟಿಗೆ ಮೂರು, ಅಲ್ಲಿಂದ ಮುಂದೆ ಮೂರಕ್ಕೊಂದು. 20 ಹಾಕಿದರೆ 8. ಸಂಖ್ಯೆ ಇಳಿಯಿತು, ಮೈ ಗಟ್ಟಿಯಾಯಿತು. ಅದಕ್ಕೇ ಗಂಟಿನ ದೊಡ್ಡ ಪಾಲು ಅಲ್ಲಿಗೆ. ಶಾಪದ ಮಾತು ಬೇರೆ. ಆಂಪ್ಲಿಫೈ ಡ್ಯಾಮೇಜ್ ಎಂಬ ಮೊದಲ ಶಾಪ ಬಿದ್ದ ರಾಕ್ಷಸನಿಗೆ ಕತ್ತಿಯ ಏಟು ಹೆಚ್ಚುಕಡಿಮೆ ಇಮ್ಮಡಿ ತಾಗುತ್ತದೆ. ಒಂದು ಪಾಯಿಂಟಿಗೂ ಅಷ್ಟೇ, ಇಪ್ಪತ್ತಕ್ಕೂ ಅಷ್ಟೇ; ಹೆಚ್ಚು ಹಾಕಿದರೆ ಹರಡುವ ಜಾಗ, ಉಳಿಯುವ ಹೊತ್ತು ಬೆಳೆಯುತ್ತದೆ. ಹೆಣ ಸಿಡಿಸುವ ವಿದ್ಯೆಯೂ ಅಂಥದ್ದೇ. ಅದರ ಪೆಟ್ಟು ನಿನ್ನ ಪಾಯಿಂಟಿನಿಂದ ಬರುವುದಲ್ಲ, ಸತ್ತವನಲ್ಲಿ ಎಷ್ಟು ಜೀವ ಇತ್ತೋ ಅದರಿಂದ ಬರುವುದು. ರಾಕ್ಷಸ ಬಲಿತಷ್ಟೂ ಅವನ ಹೆಣ ಜೋರಾಗಿ ಸಿಡಿಯುತ್ತದೆ. ಯಾವುದಕ್ಕೆ ಒಂದೇ ಸಾಕು, ಯಾವುದಕ್ಕೆ ಇಪ್ಪತ್ತೂ ಬೇಕು ಎಂದು ಕಂಡುಕೊಂಡ ಯಾರೋ ಪುಣ್ಯಾತ್ಮರ ಲೆಕ್ಕ ಆ ಚೀಟಿಯಲ್ಲಿತ್ತು. ಹಾಸ್ಟೆಲ್ಲಿನ ಹಿರಿಯರಿಂದ ಮಾವನ ಕಿವಿಗೆ, ಅಲ್ಲಿಂದ ಗೊಬ್ಬರದ ಬಿಲ್ಲಿನ ಬೆನ್ನಿಗೆ.

ಉಳಿದದ್ದು ಕೈಯ ಸಮಸ್ಯೆ. ಮೌಸಿನ ಎಡಗುಂಡಿ ನಡೆಯಲಿಕ್ಕೆ, ಬಲಗುಂಡಿ ಮಂತ್ರಕ್ಕೆ. ಎಡಗೈಯಲ್ಲಿ ಮೌಸ್ ಹಿಡಿದರೆ ತೋರುಬೆರಳು ತಾನಾಗಿ ಬಲಗುಂಡಿಯ ಮೇಲೆ ಬಂದು ಕೂರುತ್ತದೆ. ಹೊಡೆದಾಡುವ ವೀರನಿಗೆ ಅದು ಅನನುಕೂಲ. ಮಂತ್ರವೇ ಬಾಳುವೆಯಾದವನಿಗೆ ಹೇಳಿ ಮಾಡಿಸಿದ ಹಾಗೆ. ಆದರೆ ಯಾವ ಮಂತ್ರ ಎಂದು ಬದಲಿಸಲು ಕೀಬೋರ್ಡಿನ ಮೇಲ್ಸಾಲಿನ ಗುಂಡಿ ಒತ್ತಬೇಕಲ್ಲ, ಅದಕ್ಕೆ ಇನ್ನೊಂದು ಕೈ ಬೇಕು. ಆ ಕೈ ನನ್ನದಾಯಿತು. ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಅವನ ಬಲಕ್ಕೆ ಕೂತೆ. ಎಫ್1 ಎಬ್ಬಿಸಲು, ಎಫ್2 ಶಾಪಕ್ಕೆ, ಎಫ್3 ಸಿಡಿಸಲು, ಎಫ್4 ಮಣ್ಣಿನ ಗೊಂಬೆಗೆ. ಒಂದರಿಂದ ನಾಲ್ಕರವರೆಗಿನ ಅಂಕಿ, ಸೊಂಟಪಟ್ಟಿಯಲ್ಲಿ ಸಿಕ್ಕಿಸಿದ ಶೀಶೆಗಳಿಗೆ: ಕೆಂಪು ಜೀವಕ್ಕೆ, ನೀಲಿ ಮಂತ್ರಬಲಕ್ಕೆ. ಶಿಫ್ಟ್ ಒತ್ತಿ ಕೆಂಪು ಶೀಶೆಯ ಅಂಕಿ ಒತ್ತಿದರೆ ಅದು ಹಣ ಕೊಟ್ಟು ಜೊತೆಗೆ ಕರೆದೊಯ್ಯುವ ಬಾಡಿಗೆ ಭಂಟನ ಬಾಯಿಗೆ. ಇಷ್ಟೇ. ಬೇರೆ ಯಾವ ವೀರನನ್ನು ಆರಿಸಿದ್ದರೂ ಒಂದು ಮೈಯನ್ನು ಇಬ್ಬರು ಆಡಿಸುವುದು ಸಾಧ್ಯವಿರಲಿಲ್ಲ. ಈ ಬಿಲ್ಡಿನಲ್ಲಿ ಅವಸರವೇ ಇಲ್ಲವಾದ್ದರಿಂದ, ಅವನು "ಎರಡು" ಅಂದು ನಾನು ಒತ್ತಿ ಅವನು ಗುಂಡಿ ಅದುಮುವಷ್ಟು ಪುರುಸೊತ್ತು ಇರುತ್ತಿತ್ತು.

ಮೊದಲ ಸಂಜೆ ಬಯಲಲ್ಲಿ ಒಂದು ಹೆಣ ಬಿತ್ತು, ಒಂದು ಎಲುಬಿನ ಆಳು ಎದ್ದು ನಿಂತಿತು. ಅದು ಇನ್ನೊಬ್ಬನನ್ನು ಕೆಡವಿತು. ದಿನ ಕಳೆದಂತೆ ಎರಡು, ಮೂರು, ಆಮೇಲೆ ಐದಾರು. ಗುಂಪು ಎದುರಾದರೆ ಅಣ್ಣ ಶಾಪ ಎಸೆಯುತ್ತಿದ್ದ, ರಾಕ್ಷಸರ ತಲೆಯ ಮೇಲೆ ಕೆಂಪು ಗುರುತು ಹೊತ್ತಿಕೊಳ್ಳುತ್ತಿತ್ತು. ಆಳುಗಳು ನುಗ್ಗಿ ಒಬ್ಬನನ್ನು ಕೆಡವಿದ ಕೂಡಲೇ "ಮೂರು" ಎನ್ನುವನು. ಆ ಹೆಣ ಸಿಡಿದರೆ ಅಕ್ಕಪಕ್ಕದ ಇಬ್ಬರು ಬೀಳುವರು. ಅವರನ್ನು ಸಿಡಿಸಿದರೆ ಮಿಕ್ಕವರೂ ಬೀಳುವರು. ಅಜ್ಜಿ ಒಮ್ಮೆ ಎಲೆಗೆ ಸುಣ್ಣ ಹಚ್ಚುತ್ತಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ನಮ್ಮವ್ವ ಸವಣೂರಿಂದ ಕಳಿಸಿದ ಎಲೆ. ಬೇರೆ ಊರಿನದನ್ನು ಅಜ್ಜಿ ಬಾಯಿಗಿಡುತ್ತಿರಲಿಲ್ಲ. ಭತ್ತದ ಕೊಯ್ಲಿನ ಕಾಲ, ಆಳು ಸಿಗದೆ ಅಜ್ಜ ಊರೆಲ್ಲ ಅಲೆಯುತ್ತಿದ್ದ ದಿನಗಳು. "ಈ ಎಲಬಿನ ಮಂದಿಗೆ ಪಗಾರ ಏನು ಕೊಡತೀರೋ?" ಅಂತ ಕೇಳಿದಳು. ಪಗಾರ ಇಲ್ಲ ಅಂದದ್ದಕ್ಕೆ, "ಹಂಗಾರ ನಾಕು ಮಂದೀನ ನಾಳೆ ಗದ್ದಿಗೆ ಕಳಿಸು" ಅಂದು ಒಳಗೆ ಹೋದಳು.

ನಮ್ಮ ದೊಡ್ಡ ವೈರಿ ರಾಕ್ಷಸರಲ್ಲ, ಕರೆಂಟು. ಹೋಗುವ ಹೊತ್ತಿಗೆ ಲೆಕ್ಕವಿಲ್ಲ. ಯುಪಿಎಸ್ ಕೀಚ್ ಕೀಚ್ ಎಂದು ಕೂಗತೊಡಗಿದರೆ ಉಳಿಸಿ ಹೊರಬರಲು ಕೆಲವೇ ನಿಮಿಷ. ಈ ಆಟದಲ್ಲಿ ಉಳಿಸುವುದೆಂದರೆ ಹೊರಬರುವುದು. ಹೊರಬಂದರೆ ಮಟ್ಟ, ಸಾಮಾನು, ಬಾಡಿಗೆ ಭಂಟ ಎಲ್ಲ ಉಳಿಯುತ್ತವೆ. ಎಬ್ಬಿಸಿದ ಆಳುಗಳು ಮಾತ್ರ ಉಳಿಯುವುದಿಲ್ಲ. ಮತ್ತೆ ಹಚ್ಚಿದಾಗ ವೀರ ಊರೊಳಗೆ ನಿಂತಿರುತ್ತಾನೆ. ನೆಲದ ನಕ್ಷೆ ಹಳೆಯದೇ, ರಾಕ್ಷಸರು ಮಾತ್ರ ಹೊಸದಾಗಿ ಹುಟ್ಟಿರುತ್ತಾರೆ. ಪ್ರತಿ ಸಲ ಕರೆಂಟು ಬಂದಾಗ ಪಡೆಯನ್ನು ಸೊನ್ನೆಯಿಂದ ಕಟ್ಟಬೇಕು. ಮಾವ ಮಣ್ಣಿನ ಗೊಂಬೆಗೆ ಯಾಕೆ ಒಂದು ಪಾಯಿಂಟ್ ಬರೆದಿದ್ದ ಎಂದು ಆಗ ಗೊತ್ತಾಯಿತು. ಅಸ್ಥಿಪಂಜರ ಏಳಬೇಕಾದರೆ ಹೆಣ ಬೇಕು. ಗೊಂಬೆಗೆ ಏನೂ ಬೇಡ, ನೆಲವಿದ್ದರೆ ಸಾಕು. ಗೊಂಬೆ ಎದ್ದು ನಿಂತರೆ ಬಾಡಿಗೆ ಭಂಟನೂ ಅದೂ ಸೇರಿ ಮೊದಲ ಹೆಣ ಬೀಳಿಸುತ್ತಾರೆ, ಮೊದಲ ಹೆಣದಿಂದ ಮೊದಲ ಆಳು. ಎಷ್ಟು ಸಲ ಪಡೆ ಕಳೆದುಕೊಂಡರೂ ಅಣ್ಣ ಬೇಸರ ಪಡಲಿಲ್ಲ. ಮೇಜು ಗುದ್ದುವುದನ್ನೂ ಬಿಟ್ಟಿದ್ದ.

ಎರಡನೆಯ ಅಂಕ ಮರಳುಗಾಡಿನದು. ಅಲ್ಲಿನ ಲುಟ್ ಘೋಲೇನ್ ಎಂಬ ಪಟ್ಟಣದಲ್ಲಿ ಗ್ರೈಝ್ ಎನ್ನುವವನ ಹತ್ತಿರ ಈಟಿಯ ಭಂಟನನ್ನು ಬಾಡಿಗೆಗೆ ಹಿಡಿದೆವು. ಮರಳಿನ ಕೆಳಗೆ ಹುಳಗಳ ಬಿಲವೊಂದಿದೆ, ಅದರ ತಳದಲ್ಲಿ ಮುಂದೆ ಸಮಾಧಿಯೊಳಗಿನ ದಾರಿ ತೆರೆಯಲು ಬೇಕಾದ ಕೋಲೊಂದು. ಈ ಬಿಲ್ಡಿಗೆ ಇಡೀ ಆಟದಲ್ಲಿ ಅತಿ ಕೆಟ್ಟ ಜಾಗ ಅದು. ಬಿಲದ ದಾರಿ ಒಬ್ಬರು ಹೋಗುವಷ್ಟೇ ಅಗಲ. ಬಯಲಲ್ಲಿ ಶತ್ರುವನ್ನು ಸುತ್ತುವರಿಯುತ್ತಿದ್ದ ಆಳುಗಳು ಇಲ್ಲಿ ಒಬ್ಬರ ಹಿಂದೊಬ್ಬರು ಸಾಲುಗಟ್ಟಿ ನಿಲ್ಲುತ್ತಾರೆ. ಮುಂದಿನವ ಒಬ್ಬನೇ ಹೊಡೆದಾಡುತ್ತಾನೆ, ಹಿಂದಿನವರು ಬೆನ್ನು ನೋಡುತ್ತಾ ನಿಂತಿರುತ್ತಾರೆ. ಹಿಂದಿನಿಂದ ಜೀರುಂಡೆ ಬಂದರೆ ಅದರ ಬಾಯಿಗೆ ಸಿಗುವವ ಮಾಂತ್ರಿಕನೇ. ಅಣ್ಣ ಅಲ್ಲೊಂದು ಉಪಾಯ ಹುಡುಕಿದ. ಹೆಜ್ಜೆ ಹೆಜ್ಜೆಗೂ ನಿಂತು, ಬೆನ್ನಿಗೆ ಗೊಂಬೆಯನ್ನು ಎಬ್ಬಿಸಿಟ್ಟು, ಮುಂದೆ ಬಿದ್ದ ಒಂದೇ ಹೆಣವನ್ನು ಸಿಡಿಸಿ ದಾರಿ ಬಿಡಿಸಿಕೊಳ್ಳುತ್ತಾ ಹೋದ. ಇದು ಮಾವನ ಚೀಟಿಯಲ್ಲಿ ಇರಲಿಲ್ಲ.

"ಹೆಂಗ ಗೊತ್ತಾತು ಅಣ್ಣಾ?" ಕೇಳಿದೆ.

"ಓಣ್ಯಾಗ ಹೋರಿ ಬಂದಾಗ ಮಂದಿ ಹಿಂಗ ಸಾಲ ಹಿಡದು ನಿಂದ್ರತಾರ ನೋಡು. ನಾ ಬರೇ ಕೊಬ್ಬರಿ ನೋಡತಿದ್ದೆ. ಇಲ್ಲಿ ಕೈಗೆ ಕೆಲಸಿಲ್ಲ, ಅದಕ್ಕ ಎಲ್ಲಾ ಕಾಣತೈತಿ."

ಕೆಲಸ ಬೆರಳಿನಿಂದ ಕಣ್ಣಿಗೆ ದಾಟಿತ್ತು. ನಾನು ಆ ಬಿಲ್ಡಿನ ಬಗ್ಗೆ ಇಷ್ಟು ವರ್ಷ ಯೋಚಿಸಿ ಹೇಳಬಹುದಾದದ್ದನ್ನು ಅವನು ಆವತ್ತೇ, ಸವಣೂರು ಖಾರ ಮೆಲ್ಲುತ್ತಾ, ಪರದೆಯಿಂದ ಕಣ್ಣು ತೆಗೆಯದೆ ಹೇಳಿ ಮುಗಿಸಿದ್ದ.

ಮುಂದಿನ ಭಾನುವಾರ ಶಿಗ್ಗಾವಿ ಅಣ್ಣ ಬಂಕಾಪುರದ ಮೇಲಿಂದ ಬರುವ ಬಸ್ಸಿನಲ್ಲಿ ಬಂದಿಳಿದ. ಅವನದೂ ಒಬ್ಬ ಬಾರ್ಬೇರಿಯನ್ ಶಿಗ್ಗಾವಿಯ ಗೆಳೆಯನೊಬ್ಬನ ಮನೆಯ ಕಂಪ್ಯೂಟರಿನಲ್ಲಿದ್ದ. ಕಂಡ ವಿದ್ಯೆಗೆಲ್ಲ ಒಂದೊಂದು ಪಾಯಿಂಟ್: ಕೊಡಲಿಗೊಂದು, ಕತ್ತಿಗೊಂದು, ಈಟಿಗೊಂದು, ಜಿಗಿತಕ್ಕೊಂದು, ಕೂಗಿಗೊಂದು. ಎಲ್ಲ ಬರುತ್ತಿತ್ತು, ಯಾವುದೂ ಕೊಲ್ಲುತ್ತಿರಲಿಲ್ಲ. ಆ ವೀರನೂ ಇದೇ ಮರಳುಗಾಡಿನ ಕೊನೆಯ ರಾಕ್ಷಸ ಡ್ಯೂರಿಯಲ್‌ನ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದ. ನಾವು ಅದೇ ಕೋಣೆಯ ಬಾಗಿಲಿಗೆ ಬಂದಿದ್ದೇವೆಂದು ಕೇಳಿ ಅವನಿಗೆ ಉರಿ. ಸಣ್ಣ ಮಾವನೂ ಮನೆಯಲ್ಲಿದ್ದ. ಏಳು ಸಮಾಧಿಗಳಲ್ಲಿ ಆ ಕೋಣೆಯಿರುವ ನಿಜವಾದದ್ದನ್ನು ಹುಡುಕಿ ಒಳಗೆ ಹೋಗಿ ಅರ್ಧ ದಾರಿ ಸವೆಸಿದ್ದೆವು, ಯುಪಿಎಸ್ ಕೀಚ್ ಅಂದಿತು. ಪಡೆ ಹೋಯಿತು.

ಕತ್ತಲಲ್ಲಿ ಎಲ್ಲರೂ ಅಡುಗೆಮನೆಯ ಒಲೆಯ ಮುಂದೆ ಬಂದು ಕೂತೆವು. ಅಜ್ಜಿ ರೊಟ್ಟಿ ಬಡಿಯುತ್ತಿದ್ದಳು. ಶಿಗ್ಗಾವಿ ಅಣ್ಣ ಕಾಯುತ್ತಿದ್ದವನಂತೆ ಶುರು ಮಾಡಿದ: "ಎಲ್ಲಾ ಆಳು ಹೊಡೀತಾವು, ಬಾಡಗಿ ಮನಶ್ಯಾ ಹೊಡೀತಾನ, ಗುಂಡಿ ಒತ್ತಾಕೂ ಒಬ್ಬಾಕಿ ಬೇಕು. ನೀ ಮಾಡೂದು ಏನು? ಉತ್ತರನ ಪೌರುಷ ಒಲಿ ಮುಂದ ಅಂದಂಗ ಆತು. ಇಲ್ಲಿ ನೋಡು, ಒಲಿನೂ ಐತಿ."

ಎಲ್ಲರೂ ನಕ್ಕರು. ಹಿರೇಕೆರೂರಣ್ಣನೂ ನಕ್ಕ. ಅಜ್ಜಿ ನಗಲಿಲ್ಲ, ವಿರಾಟನ ಮನೆಯ ಹುಡುಗನನ್ನು ಅವಳ ಎದುರು ಹಂಗಿಸುವಂತಿರಲಿಲ್ಲ.

"ಉತ್ತರ ಒಲಿ ಮುಂದಿಂದ ಎದ್ದು ಹೋದ್ನಪಾ. ಹೆದರಿ ಓಡಿದ್ದ ಅಷ್ಟ ಹೇಳತೀರಿ. ಓಡಿದಾಂವ ಹೊಳ್ಳಿ ಬಂದು ಅರ್ಜುನಗ ರಥಾ ಹೊಡದ್ನಲ್ಲ, ಅದ ಯಾಕ ಹೇಳೂದಿಲ್ಲ? ಭೀಷ್ಮ ದ್ರೋಣರ ಬಾಣಾ ಬರೂವಾಗ ಕುದರಿ ಹಿಡದು ನಿಂದ್ರೂದು ನಿನಗ ಆಟಕಿ ಅನ್ನಸತೈತೇನು?"

ಶಿಗ್ಗಾವಿ ಅಣ್ಣ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ಅಷ್ಟರಲ್ಲಿ ಕರೆಂಟು ಬಂತು.

ಮತ್ತೆ ಪಟ್ಟಣದಿಂದ ಶುರು. ಗೊಂಬೆ, ಈಟಿಯ ಭಂಟ, ಮೊದಲ ಹೆಣ, ಮೊದಲ ಆಳು. ಸಮಾಧಿಯೊಳಗೆ ಹೋಗುವಷ್ಟರಲ್ಲಿ ಪಡೆ ಪೂರ್ತಿಯಾಗಿತ್ತು. ಕೋಲನ್ನು ಕಲ್ಲಿನ ತೂತಿಗಿಟ್ಟರೆ ಗೋಡೆ ಒಡೆದು ದಾರಿಯಾಯಿತು. ಒಳಗೆ ಹೋಗುವ ಮೊದಲು ಮಾವ ಒಂದೇ ಮಾತು ಹೇಳಿದ: "ಅಲ್ಲಿ ಅಂವ ಒಬ್ಬನ. ಹೆಣಾ ಸಿಗೂದಿಲ್ಲ." ಈ ಬಿಲ್ಡಿನ ಬಡತನವೆಲ್ಲ ಆ ಮಾತಿನಲ್ಲಿತ್ತು. ಗುಂಪು ದೊಡ್ಡದಿದ್ದಷ್ಟೂ ಇವನಿಗೆ ಸಲೀಸು. ಒಬ್ಬನೇ ದೈತ್ಯ ಎದುರಾದರೆ ಸಿಡಿಸಲು ಹೆಣವಿಲ್ಲ, ಬಿದ್ದ ಆಳಿಗೆ ಬದಲಿಯಿಲ್ಲ. ಅಣ್ಣ ಸೊಂಟಪಟ್ಟಿಯಲ್ಲಿ ಕೆಂಪು ಶೀಶೆಗೆ ಒಂದೇ ಸಾಲು ಬಿಟ್ಟು ಮಿಕ್ಕಿದ್ದಕ್ಕೆಲ್ಲ ನೀಲಿ ತುಂಬಿಸಿದ.

ಸಿಡಿ ಗರಗರ ತಿರುಗಿತು. ಪರದೆ ಬೆಳಗುವ ಮೊದಲೇ ಏಟಿನ ಸದ್ದು. ಡ್ಯೂರಿಯಲ್ ಎಂದರೆ ಕುಡುಗೋಲಿನಂಥ ಕೈಗಳಿರುವ ಗುಡ್ಡದಷ್ಟು ದೊಡ್ಡ ಹುಳ. ಕೋಣೆ ಸಣ್ಣದು, ಓಡಲು ಜಾಗವಿಲ್ಲ. ಅವನ ಸುತ್ತಲಿನ ಚಳಿಗೆ ಹತ್ತಿರ ಹೋದವರೆಲ್ಲ ನಿಧಾನವಾಗುತ್ತಾರೆ. ಆಳುಗಳು ಸುತ್ತುವರಿದವು. "ಎರಡು" ಅಂದ, ಶಾಪ ಬಿತ್ತು. ಒಂದು ಆಳು ಪುಡಿಯಾಯಿತು. ಇನ್ನೊಂದು. ಡ್ಯೂರಿಯಲ್ ಒಮ್ಮೆ ನೇರ ಮಾಂತ್ರಿಕನ ಮೇಲೆ ಹಾರಿ ಬಂದ, ಜೀವದ ಕೆಂಪು ಗೋಲ ಅರ್ಧಕ್ಕಿಳಿಯಿತು. ನಾನು ಕೇಳದೆಯೇ ಕೆಂಪು ಶೀಶೆ ಒತ್ತಿದೆ.

"ಓಡ್ಲೇ! ಪೋರ್ಟಲ್ ತಗದು ಊರಿಗೆ ಹೋಗು!" ಶಿಗ್ಗಾವಿ ಅಣ್ಣ ಕಿರುಚಿದ.

"ನಾಲ್ಕು" ಅಂದ ಹಿರೇಕೆರೂರಣ್ಣ.

ಎಫ್4. ಡ್ಯೂರಿಯಲ್‌ನ ಕಾಲ ಬುಡದಲ್ಲೇ ಮಣ್ಣಿನ ಗೊಂಬೆ ಎದ್ದಿತು. ಅದರ ಏಟಿನಲ್ಲಿ ಬಲ ಏನೂ ಇಲ್ಲ, ಆದರೆ ಅದು ಹೊಡೆದವನ ನಡೆಯೂ ಏಟೂ ಮಂದವಾಗುತ್ತವೆ. ಗೊಂಬೆ ಒಡೆದುಹೋಯಿತು, ಮತ್ತೆ ಗುಂಡಿ, ಮತ್ತೆ ಗೊಂಬೆ. ಅದಕ್ಕೆ ಹೆಣ ಬೇಡ, ನೀಲಿ ಇದ್ದರೆ ಸಾಕು. ಆಳುಗಳೆಲ್ಲ ಮುಗಿದು ಕೋಣೆಯಲ್ಲಿ ಉಳಿದದ್ದು ಗೊಂಬೆ, ಈಟಿಯ ಭಂಟ, ದೂರದ ಮೂಲೆಯಲ್ಲಿ ಮಾಂತ್ರಿಕ. ಅಣ್ಣನಿಗೆ ಈಗ ಇದ್ದದ್ದು ಮೂರೇ ಕೆಲಸ. ಗೊಂಬೆ ಬಿದ್ದ ಕ್ಷಣ ಇನ್ನೊಂದನ್ನು ಎಬ್ಬಿಸುವುದು, ಭಂಟನ ಜೀವದ ಗೆರೆ ನೋಡಿ "ಅಂವಗ ಕೊಡು" ಅನ್ನುವುದು, ಡ್ಯೂರಿಯಲ್ ತಿರುಗಿದರೆ ಗೊಂಬೆಯ ಇನ್ನೊಂದು ಬದಿಗೆ ಸರಿದು ನಿಲ್ಲುವುದು. ನನ್ನ ಬೆರಳು ಶಿಫ್ಟ್ ಬಿಟ್ಟು ಏಳಲಿಲ್ಲ. ನೀಲಿ ಶೀಶೆ ಕೊನೆಯ ಸಾಲಿಗೆ ಬಂತು. ಶಿಗ್ಗಾವಿ ಅಣ್ಣ ಕಿರುಚುವುದನ್ನು ನಿಲ್ಲಿಸಿ, ತಾನೂ ಭಂಟನ ಗೆರೆ ನೋಡಿ "ಕೊಡು, ಕೊಡು" ಅನ್ನತೊಡಗಿದ್ದ. ಶಾಪದ ಗುರುತು ಆರಿದಾಗ "ಎರಡು!" ಎಂದು ಮೊದಲು ಕೂಗಿದವನೂ ಅವನೇ.

ಈಟಿ ಮತ್ತೊಮ್ಮೆ ಹೋಗಿ ಬಂತು. ಡ್ಯೂರಿಯಲ್ ಕುಸಿದ. ಸಾಮಾನುಗಳು ಚಿಮ್ಮಿ ನೆಲದ ತುಂಬ ಬಿದ್ದವು. ಹಿರೇಕೆರೂರಣ್ಣ ಎಡಗೈ ಎತ್ತಿ ಮೌಸನ್ನು ಮೇಜಿನಿಂದ ಕೆಡವಿದ.

"ಹೊಡದಾಂವ ಭಂಟ" ಅಂದ ಶಿಗ್ಗಾವಿ ಅಣ್ಣ, ಮಾತು ಬಿಡಲಾರದೆ.

"ಹೌದು. ನಾನೂ ಹಂಗ ಅಂತೀನಿ. ನಿನ್ನ ಬಾರ್ಬೇರಿಯನ್ ಹೊಡದನೇನು?"

ಪ್ಲಾಸ್ಟರ್ ಬಿಚ್ಚಿದ ಮೇಲೆ ಹಿರೇಕೆರೂರಣ್ಣ ಊರಿಗೆ ಹೋದ. ಬಲಗೈ ಬಂದರೂ ವೀರನನ್ನು ಬದಲಿಸಲಿಲ್ಲ. ಹಾನಗಲ್ಲಿಗೆ ಬಂದಾಗಲೆಲ್ಲ ಅದೇ ಮಾಂತ್ರಿಕ, ಕೀಬೋರ್ಡ್ ಅದೇ ನನ್ನ ತೊಡೆಯ ಮೇಲೆ. ಐದನೆಯ ಅಂಕದ ಕೊನೆಯ ರಾಕ್ಷಸ ಬಾಲ್‌ನನ್ನು ಕೆಡವಿದ ದಿನ ನನ್ನ ಪಿಯುಸಿ ಪರೀಕ್ಷೆ ಮುಗಿದಿತ್ತು. ಆ ಹೊತ್ತಿಗೆ ಅವನು ಯಾವ ಹೆಣವನ್ನು ಸಿಡಿಸಬೇಕು, ಯಾವುದನ್ನು ಎಬ್ಬಿಸಲು ಉಳಿಸಬೇಕು, ಯಾವ ಬಾಗಿಲಲ್ಲಿ ಪಡೆಯನ್ನು ತಡೆಯಬೇಕು ಎಂದು ಪರದೆಯನ್ನು ಒಂದೇ ನೋಟಕ್ಕೆ ಓದುತ್ತಿದ್ದ. ಸುಲಭದ ಬಿಲ್ಡು ಅವನನ್ನು ಆಟದಿಂದ ದೂರ ಇಡಲಿಲ್ಲ. ಎಡಗೈಯವನಿಗೆ ಬಾಗಿಲು ತೆರೆದು ಒಳಗೆ ಬಿಟ್ಟಿತು. ಒಳಗೆ ಹೋದ ಮೇಲೆ ಕಲಿತದ್ದು ಅವನದೇ.

ಈಗ ಕೇಳು. 2010ರ ಮಾರ್ಚಿನಲ್ಲಿ ಆ ಆಟಕ್ಕೆ 1.13 ಪ್ಯಾಚ್ ಬಂತು. ಮೊದಲ ಊರಿನ ಅಕಾರಾ ಎಂಬ ಹೆಂಗಸು ಅವಳ ಮೊದಲ ಕೆಲಸ ಮಾಡಿಕೊಟ್ಟವರಿಗೆ ಹಾಕಿದ ಪಾಯಿಂಟುಗಳನ್ನೆಲ್ಲ ಒಮ್ಮೆ ವಾಪಸು ಕೊಡುವ ಹಾಗಾಯಿತು. 2021ರಲ್ಲಿ ಹೊಸ ಬಣ್ಣ ಬಳಿದುಕೊಂಡು ಬಂದ ಡಯಾಬ್ಲೊ 2 ರಿಸರೆಕ್ಟೆಡ್‌ನಲ್ಲೂ ಆ ಸವಲತ್ತು ಇದೆ. ಹಿರೇಕೆರೂರಣ್ಣ ಅವಳನ್ನು ಏನೂ ಕೇಳಲಿಲ್ಲ, ಅವನ ಪಾಯಿಂಟುಗಳು ಇರಬೇಕಾದ ಕಡೆ ಇದ್ದವು. ಪ್ಯಾಚ್ ಬಂದ ಕೆಲವೇ ದಿನಕ್ಕೆ ನನಗೊಂದು ಫೋನ್ ಬಂತು, ಶಿಗ್ಗಾವಿಯಿಂದ.

"ತಂಗೀ, ಮಾವ ಬರದ ಚೀಟಿ ನಿನ್ನ ಹತ್ರ ಐತೇನು?"

"ಐತಿ. ಮಾಂತ್ರಿಕನ ಮಾಡ್ತಿಯೇನು?"

"ಏ ಇಲ್ಲಬೇ. ನನ್ನ ಬಾರ್ಬೇರಿಯನ್ನಗ ಹಂತಾದೊಂದು ಬರದು ಕೊಡು ಅನ್ನು ಮಾವಗ. ನಾ ಕೇಳೇನಿ ಅಂತ ಹೇಳಬ್ಯಾಡ."

ಮಾವ ಬರೆದುಕೊಟ್ಟ: ಒಂದೇ ಆಯುಧದ ವಿದ್ಯೆ 20, ಸುತ್ತಿ ಸುತ್ತಿ ಹೊಡೆಯುವ ಒಂದೇ ಏಟು 20, ಜೀವ ಹೆಚ್ಚಿಸುವ ಒಂದು ಕೂಗು 20, ಬಾಗಿಲ ಸುಂಕ ಬಿಟ್ಟು ಬೇರೆಲ್ಲೂ ಕೈ ಹಾಕಬೇಡ. ಆ ಬಾರ್ಬೇರಿಯನ್ ಡ್ಯೂರಿಯಲ್‌ನನ್ನು ಮೊದಲ ಪ್ರಯತ್ನದಲ್ಲೇ ಹೊಡೆದುಹಾಕಿದ. ಇದನ್ನು ನಿಮ್ಮಪ್ಪ ನಿನಗೆ ಹೇಳಿರಲಿಕ್ಕಿಲ್ಲ.